ಉಮ್ಮನ ಹೆಬ್ಬೆಟ್ಟು ಯಾರ ಕೈಯಲ್ಲಿದೆ?

ನನ್ನ ಉಮ್ಮನ ಅಕ್ಕನಿಗೆ ಈಗ 81 ವರ್ಷ. ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಮನೆ. ತವರಿನ ಪಾಲುಪಟ್ಟಿಯಲ್ಲಿ ಅವರ ಹೆಸರಿಗೆ ಬಂದ 34 ಸೆಂಟ್ಸ್ ಜಾಗ, ಅದರಲ್ಲಿ ಹಂಚಿನ ಮನೆ, ಒಂದಿಷ್ಟು ತೆಂಗು, ಹಿಂದೆ ಒಂದು ಬಾವಿ. ಗಂಡು ಮಕ್ಕಳಿಬ್ಬರೂ ಗಲ್ಫ್‌ನಲ್ಲಿ, ಒಬ್ಬ ದಮ್ಮಾಮ್, ಇನ್ನೊಬ್ಬ ಅಬುಧಾಬಿ. ಮಗಳನ್ನು ಪುತ್ತೂರಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ದೊಡ್ಡಮ್ಮ ಮತ್ತು ಸಹಾಯಕ್ಕೆ ಬರುವ ಒಬ್ಬ ಹೆಂಗಸು ಮಾತ್ರ.

ಹೊರಗಿನ ಕೆಲಸಕ್ಕೆಲ್ಲ ಓಡಾಡುತ್ತಿದ್ದದ್ದು ಅವರ ಮೈದುನನ ಮಗ. ಒಳ್ಳೆಯ ಹುಡುಗನೇ. ಮದ್ದು ತರುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಅವನೇ. ಒಂದು ದಿನ ಅವನು ಹೇಳಿದ, ‘ದೊಡ್ಡಮ್ಮಾ, ಜಾಗದ ತೆರಿಗೆ, ಖಾತೆ, ಸರ್ವೆ ಅಂತ ಪ್ರತಿ ಸಲ ನಿಮ್ಮನ್ನು ಆಫೀಸಿಗೆ ಎಳೆದುಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ನನ್ನ ಹೆಸರಿಗೆ ಒಂದು ಪವರ್ ಮಾಡಿ ಕೊಡಿ, ಮತ್ತೆ ನೀವು ಮನೆಯಲ್ಲೇ ಕೂತರೆ ಸಾಕು.’ ದೊಡ್ಡಮ್ಮನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಆರು ಪುಟದ ಆ ಪತ್ರವನ್ನು ಅವರಿಗೆ ಯಾರೂ ಓದಿ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಒಂದೂವರೆ ವರ್ಷದ ನಂತರ ಒಂದು ಬೆಳಿಗ್ಗೆ ಗುರುತಿಲ್ಲದ ಇಬ್ಬರು ಅಂಗಳಕ್ಕೆ ಬಂದು ಟೇಪ್ ಹಿಡಿದು ಅಳತೆ ಶುರು ಮಾಡಿದರು. ಕೇಳಿದರೆ, ‘ಈ ಹಿಂದಿನ 20 ಸೆಂಟ್ಸಿಗೆ ನಾವು ಅಡ್ವಾನ್ಸ್ ಕೊಟ್ಟಾಗಿದೆಯಲ್ಲ’ ಎಂದರು. ಪುತ್ತೂರಿನ ಮಗಳು ಅದೇ ದಿನ ಋಣಭಾರ ಪ್ರಮಾಣಪತ್ರ, ಅಂದರೆ ನಾವು ‘ಇಸಿ’ ಅಂತ ಕರೆಯುವುದನ್ನು ತೆಗೆಸಿದಳು. ಕ್ರಯದ ಕರಾರು ನೋಂದಣಿಯಾಗಿತ್ತು. ಸಹಿ ಮೈದುನನ ಮಗನದ್ದು, ‘ಜಿಪಿಎ ಹೋಲ್ಡರ್’ ಅಂತ. ಆ ಆರು ಪುಟವನ್ನು ಅವಳು ಮೊದಲ ಸಲ ಓದಿದ್ದು ಅವತ್ತು. ಮೂರನೇ ಪುಟದಲ್ಲಿ ಬರೆದಿತ್ತು: ಮಾರಲು, ಅಡವಿಡಲು, ಕರಾರು ಮಾಡಲು, ಹಣ ಪಡೆದು ರಶೀದಿ ಕೊಡಲು ಅಧಿಕಾರ.

ತೆರಿಗೆ ಕಟ್ಟುವುದಕ್ಕೆ ಅಂತ ಕೊಟ್ಟ ಕಾಗದ ಅದು.

ನಮ್ಮ ಜಮಾಅತ್‌ಗಳಲ್ಲಿ ಇಂಥ ಮನೆ ಒಂದಲ್ಲ. ಮಕ್ಕಳು ಕಡಲಾಚೆ, ಉಮ್ಮ ಉಪ್ಪ ಊರಲ್ಲಿ, ನಡುವೆ ‘ನಮ್ಮವನೇ’ ಅನ್ನುವ ಒಬ್ಬ. ಹೆಚ್ಚಿನವರು ನಿಯತ್ತಿನಿಂದಲೇ ನೋಡಿಕೊಳ್ಳುತ್ತಾರೆ, ಅದರಲ್ಲಿ ಸಂಶಯ ಬೇಡ. ಆದರೆ ಕಾಗದ ಬರೆಯುವುದು ನಿಯತ್ತು ಇರುವವರಿಗೂ ಒಳ್ಳೆಯದೇ.

ಈ ಕಾಗದ ಏನು, ಏನಲ್ಲ?

ಪವರ್ ಆಫ್ ಅಟಾರ್ನಿ ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಮುಖ್ತ್ಯಾರುನಾಮೆ. ನನ್ನ ಪರವಾಗಿ, ನನ್ನ ಹೆಸರಿನಲ್ಲಿ ಇಂತಿಂಥ ಕೆಲಸ ಇವನು ಮಾಡಲಿ ಎಂದು ಒಬ್ಬರು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ. ಇದಕ್ಕೆ 1882ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆ ಇದೆ. ಕೊಟ್ಟವರ ಮತ್ತು ಪಡೆದವರ ಹಕ್ಕು-ಹೊಣೆಗಳು 1872ರ ಭಾರತೀಯ ಕರಾರು ಕಾಯ್ದೆಯ ಏಜೆನ್ಸಿ ಅಧ್ಯಾಯದಲ್ಲಿವೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಪವರ್ ಪಡೆದವನು ಜಾಗದ ಮಾಲಕನಲ್ಲ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಜಿಪಿಎ ಕೊಟ್ಟ ಮಾತ್ರಕ್ಕೆ ಸ್ಥಿರಾಸ್ತಿಯ ಹಕ್ಕು ಯಾರಿಗೂ ವರ್ಗವಾಗುವುದಿಲ್ಲ. ‘ನನ್ನ ಹತ್ರ ಜಿಪಿಎ ಉಂಟು, ಜಾಗ ನನ್ನದೇ’ ಅನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ಆದರೆ ಮಾಲಕನಲ್ಲದಿದ್ದರೂ, ಮಾರುವ ಅಧಿಕಾರ ಪತ್ರದಲ್ಲಿ ಬರೆದಿದ್ದರೆ ಅವನು ಮಾಲಕರ ಪರವಾಗಿ ಮಾರಬಹುದು. ಅಪಾಯ ಇರುವುದು ಇಲ್ಲಿಯೇ.

ಹಾಗಾದರೆ ಬರೆಯದೇ ಇದ್ದರೆ? ಪಕ್ಕದ ಕೇರಳದ ಒಂದು ಪ್ರಕರಣ ನಮಗೆ ಪಾಠ. ಉಮಾದೇವಿ ನಂಬಿಯಾರ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 1971ರಲ್ಲಿ ಸಹೋದರಿಯ ಹೆಸರಿಗೆ ಕೊಟ್ಟ ಜಿಪಿಎಯನ್ನು 1985ರಲ್ಲಿ ರದ್ದು ಮಾಡಿದ್ದರು, ಅಷ್ಟರಲ್ಲಿ ಜಾಗ ಮಾರಾಟವಾಗಿತ್ತು. ಪತ್ರದಲ್ಲಿ ಮಾರುವ ಅಧಿಕಾರ ಎಂದು ಬಿಡಿಸಿ ಬರೆದಿರಲಿಲ್ಲ. ಬೇರೆ ಅಧಿಕಾರಗಳಿಂದ ಮಾರುವ ಅಧಿಕಾರವನ್ನು ಊಹಿಸಿಕೊಳ್ಳಲಾಗದು, ಪತ್ರ ಓದಿ ನೋಡುವ ಹೊಣೆ ಖರೀದಿದಾರನಿಗೂ ಇದೆ ಎಂದು ಕೋರ್ಟ್ ಹೇಳಿತು. ಅಂದರೆ ಆ ಪತ್ರದಲ್ಲಿ ಒಂದು ಶಬ್ದ ಇದೆಯೋ ಇಲ್ಲವೋ ಎಂಬುದೇ ಜಾಗ ಉಳಿಯುವುದನ್ನು, ಹೋಗುವುದನ್ನು ತೀರ್ಮಾನಿಸಬಹುದು.

ವಕಾಲತ್ ನಮಗೆ ಹೊಸತಲ್ಲ

ಕೆಲವು ಮನೆಗಳಲ್ಲಿ ಇಂಥದ್ದನ್ನು ಕೇಳಿದರೆ ‘ನಮ್ಮೊಳಗೆ ಕಾಗದ ಎಂತಕ್ಕೆ, ನಂಬಿಕೆ ಇಲ್ಲವಾ?’ ಎಂಬ ಮಾತು ಬರುತ್ತದೆ. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು ಎಂದು ಮದ್ರಸದ ಮಕ್ಕಳನ್ನು ಕೇಳಿ. ಸೂರಃ ಅಲ್-ಬಖರದ 282ನೇ ಆಯತ್. ಅದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಡುವ ಬಗ್ಗೆ ಇರುವ ಆಯತ್. ಸ್ವತಃ ಹೇಳಿ ಬರೆಸಲು ಸಾಧ್ಯವಿಲ್ಲದ ದುರ್ಬಲನ ಪರವಾಗಿ ಅವನ ವಲಿ ನ್ಯಾಯದಿಂದ ಹೇಳಿ ಬರೆಸಬೇಕು ಎಂಬ ನಿರ್ದೇಶನವೂ ಅದರಲ್ಲೇ ಇದೆ. ಅಮಾನತನ್ನು ಅದರ ಹಕ್ಕುದಾರರಿಗೆ ಮರಳಿಸಬೇಕೆಂಬ ಆಜ್ಞೆ ಸೂರಃ ಅನ್ನಿಸಾದ 58ನೇ ಆಯತ್‌ನಲ್ಲಿದೆ.

ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಫಿಖ್ಹ್‌ನಲ್ಲಿ ವಕಾಲತ್‌ಗೆ ಪ್ರತ್ಯೇಕ ಅಧ್ಯಾಯವೇ ಇದೆ. ಮಾರಲು ನೇಮಕವಾದ ವಕೀಲ್ ಆ ವಸ್ತುವನ್ನು ತನಗೇ ಮಾರಿಕೊಳ್ಳುವಂತಿಲ್ಲ. ಪೇಟೆಯ ಬೆಲೆಗಿಂತ ತೀರಾ ಕಡಿಮೆಗೆ ಮಾರುವಂತಿಲ್ಲ. ನೇಮಿಸಿದವರು ಯಾವಾಗ ಬೇಕಾದರೂ ಅಧಿಕಾರ ಹಿಂದಕ್ಕೆ ಪಡೆಯಬಹುದು. ಇಬ್ಬರಲ್ಲಿ ಒಬ್ಬರು ಮರಣ ಹೊಂದಿದರೆ ಅಥವಾ ಬುದ್ಧಿಸ್ಥಿಮಿತ ಕಳೆದುಕೊಂಡರೆ ವಕಾಲತ್ ಅಲ್ಲಿಗೆ ಮುಗಿಯಿತು.

ದೇಶದ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕರಾರು ಕಾಯ್ದೆಯ ಕಲಂ 213ರಂತೆ ಏಜೆಂಟ್ ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಕಲಂ 218ರಂತೆ ಪಡೆದ ಹಣವನ್ನು ಯಜಮಾನರಿಗೆ ಕೊಡಬೇಕು. ಕಲಂ 215ರಂತೆ ಯಜಮಾನರ ಒಪ್ಪಿಗೆ ಇಲ್ಲದೆ ಆ ವ್ಯವಹಾರದಲ್ಲಿ ತಾನೇ ಒಳಗೆ ನಿಂತು ಅಪ್ರಾಮಾಣಿಕವಾಗಿ ನಡೆದುಕೊಂಡಿದ್ದರೆ, ಯಜಮಾನರು ಆ ವ್ಯವಹಾರವನ್ನೇ ತಿರಸ್ಕರಿಸಬಹುದು. ದೀನಿನ ದಾರಿಯೂ ಕಾನೂನಿನ ದಾರಿಯೂ ಇಲ್ಲಿ ಒಂದೇ ಕಡೆ ಹೋಗುತ್ತವೆ.

ಮೊದಲ ಪ್ರಶ್ನೆ: ಪವರ್ ಬೇಕೇ ಬೇಕಾ?

ಬಹಳ ಸಲ ಬೇಕಾಗಿರುವುದಿಲ್ಲ.

ಬ್ಯಾಂಕಿನ ವಿಷಯ ನೋಡಿ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಮೂಲಭೂತ ಬ್ಯಾಂಕ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಾಸಿಗೆ ಹಿಡಿದು ಸಹಿ ಹಾಕಲಾಗದವರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಸಬಹುದು, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿಯಾಗಿರಬೇಕು. ಇದಕ್ಕೆ ಯಾರಿಗೂ ಪವರ್ ಕೊಡಬೇಕಾಗಿಲ್ಲ.

ನೋಂದಣಿಗೆ ಕಚೇರಿಯ ಮೆಟ್ಟಿಲು ಹತ್ತಲಾಗದಿದ್ದರೆ? 1908ರ ನೋಂದಣಿ ಕಾಯ್ದೆಯಲ್ಲಿ ಇದಕ್ಕೂ ದಾರಿ ಇದೆ. ಕಾಯಿಲೆ, ಅಶಕ್ತತೆ ಇರುವವರ ಮನೆಗೆ ಸಬ್ ರಿಜಿಸ್ಟ್ರಾರ್ ಬರಬಹುದು ಅಥವಾ ಕಮಿಷನ್ ಕಳಿಸಬಹುದು. ಶುಲ್ಕ ಕಟ್ಟಿ ಅರ್ಜಿ ಕೊಟ್ಟರಾಯಿತು. ತೆರಿಗೆ ಕಟ್ಟುವುದಕ್ಕೆ, ಪಹಣಿ ತೆಗೆಯುವುದಕ್ಕಂತೂ ಜಿಪಿಎ ಅಗತ್ಯವೇ ಇಲ್ಲ. ಗಲ್ಫ್‌ನಲ್ಲಿ ಕೂತ ಮಗ ಫೋನಿನಲ್ಲೇ ಪಹಣಿ ನೋಡಬಹುದು.

ಕೊಡಲೇಬೇಕಾದರೆ ಬೇಲಿ ಹಾಕಿ ಕೊಡಿ

ಕೆಲವು ಸಲ ನಿಜವಾಗಿಯೂ ಬೇಕಾಗುತ್ತದೆ. ಕೋರ್ಟಿನಲ್ಲಿ ಕೇಸ್ ಉಂಟು, ಸರ್ವೆ ಆಗಬೇಕು, ಬಾಡಿಗೆ ವಸೂಲಿ ಮಾಡಬೇಕು. ಆಗ ‘ಜನರಲ್’ ಬೇಡ, ‘ಸ್ಪೆಷಲ್’ ಸಾಕು. ಪತ್ರ ಬರೆಸುವಾಗ ಈ ವಿಷಯಗಳನ್ನು ನೋಡಿಕೊಳ್ಳಿ.

ಯಾವ ಕೆಲಸ, ಯಾವ ಸರ್ವೆ ನಂಬ್ರದ ಜಾಗ ಎಂದು ಬಿಡಿಸಿ ಬರೆಯಿರಿ. ‘ನನ್ನ ಸಮಸ್ತ ಆಸ್ತಿ’ ಎಂಬ ಶಬ್ದ ಬೇಡ.

ಏನು ಮಾಡಬಾರದು ಎಂಬುದನ್ನೂ ಬರೆಯಿರಿ. ಮಾರಾಟ, ಕ್ರಯದ ಕರಾರು, ಅಡವು, ದಾನ, ಸಾಲ, ಇದ್ಯಾವುದಕ್ಕೂ ಅಧಿಕಾರವಿಲ್ಲ ಎಂಬ ಒಂದು ಸಾಲು ಉಮ್ಮನಿಗೆ ದೊಡ್ಡ ಕೋಟೆ.

ಅವಧಿ ಹಾಕಿ. ಆರು ತಿಂಗಳೋ ಒಂದು ವರ್ಷವೋ, ನಂತರ ತಾನಾಗಿ ಮುಗಿಯಲಿ.

ಬರುವ ಹಣ ಯಜಮಾನರ ಬ್ಯಾಂಕ್ ಖಾತೆಗೇ ನೇರವಾಗಿ ಬೀಳಬೇಕು, ಮೂರು ತಿಂಗಳಿಗೊಮ್ಮೆ ಇಂಥ ಮಗನಿಗೆ ಅಥವಾ ಮಗಳಿಗೆ ಲೆಕ್ಕ ತೋರಿಸಬೇಕು ಎಂದು ಬರೆಯಿರಿ. ಸಾಧ್ಯವಿದ್ದರೆ ಇಬ್ಬರು ಜಂಟಿಯಾಗಿ ಸಹಿ ಹಾಕಿದರೆ ಮಾತ್ರ ಕೆಲಸ ಆಗುವಂತೆ ಮಾಡಿ.

ಸಾಕ್ಷಿಗಳನ್ನು ಆರಿಸಬೇಕಾದದ್ದು ಪವರ್ ಕೊಡುವವರು, ಪಡೆಯುವವನಲ್ಲ. ಪತ್ರದ ಒಂದು ನಕಲು ಬೇರೆ ಮಕ್ಕಳಲ್ಲೂ ಇರಲಿ.

ಕೊನೆಯದು ಮತ್ತು ಅತಿ ಮುಖ್ಯವಾದದ್ದು, ಪತ್ರವನ್ನು ಬ್ಯಾರಿ ಭಾಷೆಯಲ್ಲಿ ಓದಿ ಹೇಳಬೇಕು. ನಮ್ಮ ಹಿರಿಯ ಹೆಂಗಸರಲ್ಲಿ ಎಷ್ಟೋ ಜನರಿಗೆ ಕನ್ನಡ ಮಾತಾಡಲು ಬಂದರೂ ದಸ್ತಾವೇಜಿನ ಕನ್ನಡ ತಲೆಗೆ ಹೋಗುವುದಿಲ್ಲ. ‘ಈ ಪತ್ರವನ್ನು ಬ್ಯಾರಿ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನಾನು ತಿಳಿದುಕೊಂಡು ಹೆಬ್ಬೆಟ್ಟು ಒತ್ತಿದ್ದೇನೆ’ ಎಂದು ಪತ್ರದಲ್ಲೇ ಬರೆಸಿ. ಖಾಲಿ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಯಾವತ್ತೂ ಬೆರಳು ಒತ್ತಬಾರದು.

ಬೆರಳಿನ ಮಾತು ಬಂದದ್ದಕ್ಕೆ ಇನ್ನೊಂದು. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡ ಕೆಲವರ ಬ್ಯಾಂಕ್ ಖಾತೆಯಿಂದ ಆಧಾರ್ ಬೆರಳಚ್ಚು ಬಳಸಿ ಹಣ ಎಗರಿಸಿದ ದೂರುಗಳು ಬಂದಿದ್ದವು. ಆಧಾರ್ ಬಯೋಮೆಟ್ರಿಕ್ಕನ್ನು ಲಾಕ್ ಮಾಡಿಡಬಹುದು, ಬೇಕಾದಾಗ ಮಾತ್ರ ತೆರೆಯಬಹುದು. ಇದು ಉಚಿತ.

ಮರೆವಿನ ಕಾಯಿಲೆ ಬಂದ ಮೇಲೆ

ಇದು ತುಂಬ ಮನೆಗಳಿಗೆ ಗೊತ್ತಿಲ್ಲದ ವಿಷಯ. ಉಪ್ಪನಿಗೆ ಮರೆವು ಶುರುವಾಗಿದೆ, ಮಕ್ಕಳ ಗುರುತು ಸಿಗುವುದಿಲ್ಲ. ಹಿಂದೆ ಕೊಟ್ಟ ಜಿಪಿಎ ಇದೆಯಲ್ಲ, ಅದರಲ್ಲೇ ನಡೆಸೋಣ ಎಂದು ಮಕ್ಕಳು ನೆನೆಸುತ್ತಾರೆ. ಅದು ಆಗುವುದಿಲ್ಲ. ಕಲಂ 201ರಂತೆ ಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ಅಧಿಕಾರ ಅಲ್ಲಿಗೆ ಕೊನೆ. ಮರಣವಾದರೂ ಹಾಗೆಯೇ. ಮಯ್ಯಿತ್ ದಫನ್ ಆದ ಮೇಲೆ ಜಿಪಿಎ ಹಿಡಿದುಕೊಂಡು ಬ್ಯಾಂಕಿಗೆ ಹೋಗುವವನು ತಪ್ಪು ಕೆಲಸ ಮಾಡುತ್ತಿದ್ದಾನೆ, ಏಕೆಂದರೆ ಆ ಕ್ಷಣದಿಂದ ಅದು ವಾರಸುದಾರರ ಹಕ್ಕು. ಹೊಸ ಪವರ್ ಬರೆಸಿಕೊಳ್ಳಲೂ ಆಗುವುದಿಲ್ಲ, ಏಕೆಂದರೆ ಕೊಡುವವರಿಗೆ ತಿಳಿವಳಿಕೆ ಇಲ್ಲ.

ಅಂಥ ಸಂದರ್ಭದಲ್ಲಿ ಕೋರ್ಟಿನ ಮೂಲಕ ಪಾಲಕತ್ವ ಪಡೆಯುವುದೇ ದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 14ರಲ್ಲಿ ಸೀಮಿತ ಪಾಲಕತ್ವಕ್ಕೆ ಅವಕಾಶವಿದೆ. ಕೋಮಾದಂಥ ಸ್ಥಿತಿಯಲ್ಲಿರುವವರ ಕುಟುಂಬಗಳು ಹೈಕೋರ್ಟಿಗೆ ಹೋದದ್ದೂ ಇದೆ. ಅದಕ್ಕೇ ಮರೆವಿನ ಮೊದಲ ಲಕ್ಷಣ ಕಂಡಾಗಲೇ ವೈದ್ಯರಿಗೆ ತೋರಿಸಿ, ಯಜಮಾನರಿಗೆ ತಿಳಿವಳಿಕೆ ಇರುವಾಗಲೇ ಅವರ ಮನಸ್ಸಿನಲ್ಲಿ ಏನಿದೆ ಎಂದು ಎಲ್ಲ ಮಕ್ಕಳ ಮುಂದೆ ಕೇಳಿಕೊಳ್ಳುವುದು ಒಳ್ಳೆಯದು. ಅದೇ ರೀತಿ ಮರಣ ಕಾಯಿಲೆಯ ಹಾಸಿಗೆಯಲ್ಲಿ ಬರೆಸಿಕೊಂಡ ಹಿಬಾ ಆಸ್ತಿಯ ಮೂರನೇ ಒಂದು ಭಾಗವನ್ನು ಮೀರಿ ನಡೆಯುವುದಿಲ್ಲ ಎಂಬುದು ನಮ್ಮ ಶರೀಅತ್ತಿನಲ್ಲೂ ಕೋರ್ಟುಗಳಲ್ಲೂ ಇರುವ ನಿಯಮ. ವಾರಸುದಾರನಿಗೇ ಕೊಡುವುದಾದರೆ ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು.

ದುರುಪಯೋಗ ಗೊತ್ತಾದ ದಿನ

ದೊಡ್ಡಮ್ಮನ ಮಗಳು ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ.

ಮೊದಲು ಜಗಳಕ್ಕೆ ಹೋಗಲಿಲ್ಲ, ದಾಖಲೆ ತೆಗೆದಳು. ಜಿಪಿಎಯ ದೃಢೀಕೃತ ನಕಲು, ಇಸಿ, ಪಹಣಿ. ಇಸಿಯಲ್ಲಿ ಜಿಪಿಎ ಕಾಣಿಸದೆ ಇರಬಹುದು, ಆದರೆ ಅದನ್ನು ಬಳಸಿ ನೋಂದಣಿ ಮಾಡಿದ ಕ್ರಯ, ಅಡವು, ಕರಾರು ಕಾಣಿಸುತ್ತದೆ. ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ಎರಡನೆಯದು, ರದ್ದತಿ ಪತ್ರ. ಜಿಪಿಎ ನೋಂದಣಿಯಾಗಿದ್ದರೆ ರದ್ದತಿಯನ್ನೂ ಅದೇ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ‘ಇದು ರದ್ದು ಮಾಡಲಾಗದ ಪವರ್’ ಎಂದು ಬರೆದಿದ್ದರೂ ಹೆದರಬೇಡಿ. ಆ ಆಸ್ತಿಯಲ್ಲಿ ಪವರ್ ಪಡೆದವನಿಗೆ ನಿಜವಾದ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ ಕಲಂ 202 ಅಡ್ಡ ಬರುತ್ತದೆ. ಬರೀ ಶಬ್ದದಿಂದ ಏನೂ ಆಗುವುದಿಲ್ಲ.

ಮೂರನೆಯದು, ಎಲ್ಲರಿಗೂ ತಿಳಿಸುವುದು. ಕಲಂ 208ರಂತೆ ರದ್ದತಿ ಏಜೆಂಟನಿಗೆ ಜಾರಿಯಾಗುವುದು ಅವನಿಗೆ ತಿಳಿದಾಗ, ಹೊರಗಿನವರಿಗೆ ಜಾರಿಯಾಗುವುದು ಅವರಿಗೆ ತಿಳಿದಾಗ. ಹಾಗಾಗಿ ರದ್ದತಿ ಪತ್ರ ಬೀರುವಿನಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಸ್ವೀಕೃತಿ ಬರುವ ಅಂಚೆಯಲ್ಲಿ ಏಜೆಂಟನಿಗೆ ನೋಟಿಸ್, ಬ್ಯಾಂಕಿಗೆ ಪತ್ರ, ಸಬ್ ರಿಜಿಸ್ಟ್ರಾರ್ ಮತ್ತು ತಹಶೀಲ್ದಾರ್ ಕಚೇರಿಗೆ ಪತ್ರ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ. ಕ್ರಯ ಆಗಿ ಖಾತೆ ಬದಲಾವಣೆಗೆ ಹೋಗಿದ್ದರೆ ಭೂಕಂದಾಯ ಕಾಯ್ದೆಯ ಕಲಂ 129ರಲ್ಲಿ ಆಕ್ಷೇಪಣೆ ಹಾಕಬಹುದು, ಅದಕ್ಕೆ ಕೊಡುವ ದಿನ ಕಡಿಮೆ, ತಡ ಮಾಡಬಾರದು.

ನಾಲ್ಕನೆಯದು, ರದ್ದತಿಗೆ ಮೊದಲೇ ಆಗಿಹೋದ ವ್ಯವಹಾರ. ರದ್ದತಿ ಮುಂದಿನದ್ದನ್ನು ನಿಲ್ಲಿಸುತ್ತದೆ, ಹಿಂದಿನದ್ದನ್ನು ಅಳಿಸುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ವಿಷಯ ಗೊತ್ತಾದಂದಿನಿಂದ ಮೂರು ವರ್ಷದ ಮಿತಿ ಇದೆ. ಇಲ್ಲಿ ಹಿರಿಯ ಹೆಂಗಸರಿಗೆ ಕಾನೂನಿನ ಒಂದು ಹಳೆಯ ರಕ್ಷಣೆ ಉಂಟು. ಪರ್ದಾದೊಳಗಿನ ಹೆಂಗಸು ಸಹಿ ಮಾಡಿದ ಪತ್ರ ಅವಳಿಗೆ ಪೂರ್ತಿ ಅರ್ಥವಾಗಿತ್ತು ಎಂದು ಸಾಬೀತು ಮಾಡುವ ಭಾರ ಅದರಿಂದ ಲಾಭ ಪಡೆದವನ ಮೇಲೆ ಎಂದು ಪ್ರಿವಿ ಕೌನ್ಸಿಲ್ 1925ರಲ್ಲಿ ಫರೀದುನ್ನಿಸಾ ಪ್ರಕರಣದಲ್ಲಿ ಹೇಳಿತ್ತು. ಮುಂದೆ ಖರ್ಬೂಜಾ ಕುಅರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಎತ್ತಿ ಹಿಡಿಯಿತು. ಓದು ಬರಹ ಬಾರದ ಹೆಂಗಸರಿಗೂ ಇದು ಸಿಗುತ್ತದೆ.

ಮೋಸ ಸ್ಪಷ್ಟವಾಗಿದ್ದರೆ ಪೊಲೀಸ್ ದೂರು. ಭಾರತೀಯ ನ್ಯಾಯ ಸಂಹಿತೆಯ ಕಲಂ 316 ನಂಬಿಕೆ ದ್ರೋಹಕ್ಕೆ, 318 ವಂಚನೆಗೆ.

ಮಕ್ಕಳೇ ‘ನೋಡಿಕೊಳ್ಳುತ್ತೇವೆ’ ಎಂದು ಜಾಗ ಬರೆಸಿಕೊಂಡು ಕೈಬಿಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಲ್ಲಿ ಅದನ್ನು ರದ್ದು ಮಾಡಿಸಬಹುದು. 60 ದಾಟಿದವರು ಉಪವಿಭಾಗದ ಸಹಾಯಕ ಆಯುಕ್ತರ ಮುಂದಿರುವ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಡುವಾಗಲೇ ಷರತ್ತು ಬರೆಸಿದರೆ ಈ ತೊಂದರೆ ಇಲ್ಲ.

ಖರ್ಚಿಗೆ ಹೆದರುವವರಿಗೆ ಒಂದು ಮಾತು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಹಿರಿಯ ನಾಗರಿಕರ ಸಹಾಯವಾಣಿ 14567.

ಜಾಗ ಉಳಿಯಿತು, ಆದರೆ

ದೊಡ್ಡಮ್ಮನ ಅದೃಷ್ಟ, ಅಡ್ವಾನ್ಸ್ ಕೊಟ್ಟವರು ನ್ಯಾಯಸ್ಥರು. ಮುದುಕಿಗೆ ಏನೂ ಗೊತ್ತಿಲ್ಲ ಎಂದು ತಿಳಿದ ಮೇಲೆ ಅವರು ಹಟ ಹಿಡಿಯಲಿಲ್ಲ. ಜಮಾಅತಿನ ಹಿರಿಯರು ಇಬ್ಬರನ್ನೂ ಕೂರಿಸಿ ಮಾತಾಡಿದರು. ಮೈದುನನ ಮಗ ಎರಡು ಕಂತಿನಲ್ಲಿ ಹಣ ವಾಪಸ್ ಕೊಟ್ಟ, ಕರಾರು ರದ್ದಾಯಿತು, ಅದೂ ನೋಂದಣಿಯಾಗಿಯೇ. ಅವನಿಗೆ ವ್ಯಾಪಾರದಲ್ಲಿ ಸಾಲ ಆಗಿತ್ತಂತೆ. ‘ಮಾರಿ, ಮತ್ತೆ ಸರಿ ಮಾಡಿ ಕೊಡ್ತಿದ್ದೆ’ ಎಂದು ಹೇಳಿದನಂತೆ. ಹಟ ಹಿಡಿಯುವ ಖರೀದಿದಾರರು ಸಿಕ್ಕಿದ್ದರೆ ಇವತ್ತು ನಾವು ಕೋರ್ಟಿನಲ್ಲಿರುತ್ತಿದ್ದೆವು.

ಆ ಮೇಲೆ ಅವನು ಆ ಮನೆಗೆ ಬರಲಿಲ್ಲ. ಎರಡು ಪೆರ್ನಾಲ್ ಕಳೆದವು. ಕಳೆದ ತಿಂಗಳು ನಾನು ಹೋದಾಗ ದೊಡ್ಡಮ್ಮ ಕೇಳಿದ್ದು ಅವನ ಬಗ್ಗೆಯೇ. ‘ಅವನ ಮಗುವಿಗೆ ಹುಷಾರಿಲ್ಲ ಅಂತ ಕೇಳಿದೆ, ಹೇಗುಂಟು?’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು, ‘ನಾನು ಅವತ್ತು ಓದಿ ಹೇಳು ಅಂತ ಒಂದು ಮಾತು ಕೇಳಿದ್ದರೆ ಅವನೂ ಉಳಿಯುತ್ತಿದ್ದ.’

ಆ ಮಾತು ನನ್ನನ್ನು ಬಿಟ್ಟಿಲ್ಲ. ಸರಿಯಾಗಿ ಬರೆದ ಕಾಗದ ದೊಡ್ಡಮ್ಮನ ಜಾಗವನ್ನು ಮಾತ್ರವಲ್ಲ, ಆ ಹುಡುಗನನ್ನೂ ಕಾಯುತ್ತಿತ್ತು. ಸಾಲದ ಒತ್ತಡದಲ್ಲಿ ಅವನ ಕೈಗೆ ಎಟುಕುವ ಕಡೆ ಆ ಅಧಿಕಾರ ಇರುತ್ತಲೇ ಇರಲಿಲ್ಲ.

ಈ ವಾರ ಜುಮಾ ಮುಗಿಸಿ ಮನೆಗೆ ಬಂದ ಮೇಲೆ ಉಮ್ಮನ ಹತ್ತಿರ, ಉಪ್ಪನ ಹತ್ತಿರ ಕೂತು ಒಂದು ಪ್ರಶ್ನೆ ಕೇಳಿ: ನೀವು ಯಾರಿಗಾದರೂ ಯಾವತ್ತಾದರೂ ಹೆಬ್ಬೆಟ್ಟು ಒತ್ತಿ ಕೊಟ್ಟದ್ದು ಉಂಟಾ? ಉಂಟು ಅಂದರೆ ಆ ಕಾಗದ ತರಿಸಿ, ಮೂರನೇ ಪುಟವನ್ನೂ ಸೇರಿಸಿ, ಬ್ಯಾರಿಯಲ್ಲಿ ಓದಿ ಹೇಳಿ.